ದೋಣಿಯ ಯಂತ್ರವನ್ನು ನಿಲ್ಲಿಸುವ ಕೆಂಪು ಹುರಿ

ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಕಪಿಲೆಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1974ರಲ್ಲಿ ಮುಗಿಯಿತು. ಅದರ ಹಿನ್ನೀರಿನಲ್ಲಿ ಆನೆಯ ಹಿಂಡುಗಳನ್ನು ಕಾಣಲು ಜನರು ಈಗ ಮೋಟಾರು ದೋಣಿಗಳಲ್ಲಿ ಹೋಗುತ್ತಾರೆ. ಬೇಸಗೆಯಲ್ಲಿ ನೀರು ಇಳಿದಾಗ ಮುಳುಗಿದ ಕಾಡಿನ ಒಣಮರಗಳು ಅಲ್ಲಲ್ಲಿ ತಲೆಯೆತ್ತುತ್ತವೆ. ತಲೆಯೆತ್ತದೆ ನೀರಿನೊಳಗೇ ಉಳಿದ ಮೋಟುಗಳು ಇನ್ನೂ ಅಪಾಯಕರ. ಇಂತಹ ನೀರಿನಲ್ಲಿ ಸಣ್ಣ ದೋಣಿಯೊಂದು ಮೋಟಿಗೆ ತಗುಲಿ, ಚಾಲಕನು ಆಯತಪ್ಪಿ ಹೊರಕ್ಕೆ ಬಿದ್ದನೆಂದು ಭಾವಿಸೋಣ.

ಹರಿಗೋಲಾಗಿದ್ದರೆ ಹುಟ್ಟು ಹಾಕುವವನು ಬಿದ್ದೊಡನೆ ಅದು ಸುಮ್ಮನೆ ತೇಲುತ್ತಿತ್ತು. ದೋಣಿಯ ಹಿಂಬದಿಯ ಹಲಗೆಗೆ ಹೊರಗಿನಿಂದ ಬಿಗಿದ ಔಟ್‌ಬೋರ್ಡ್ ಮೋಟಾರು ಹಾಗಲ್ಲ. ಪೆಟ್ರೋಲಿನ ಹಿಡಿಯನ್ನು ಎಷ್ಟು ತಿರುಗಿಸಿತ್ತೋ ಅಷ್ಟಕ್ಕೇ ಅದು ಓಡುತ್ತಲೇ ಇರುತ್ತದೆ. ತಿರುಗುವ ಪ್ರೊಪೆಲರು ಮೋಟಾರನ್ನು ಒಂದು ಪಕ್ಕಕ್ಕೆ ತಳ್ಳುತ್ತಿರುತ್ತದೆ. ಅದನ್ನು ತಡೆದಿದ್ದ ಕೈ ಈಗಿಲ್ಲ. ಮೋಟಾರು ಓರೆಯಾಗಿ ದೋಣಿ ವೃತ್ತಾಕಾರವಾಗಿ ಸುತ್ತತೊಡಗುತ್ತದೆ. ವೃತ್ತದ ವ್ಯಾಸ 14 ಮೀಟರು ಎಂದಿಟ್ಟುಕೊಂಡರೆ ಪರಿಧಿ 44 ಮೀಟರು. ಗಂಟೆಗೆ 20 ಕಿಲೋಮೀಟರು ವೇಗದ ದೋಣಿ ಎಂಟೇ ಸೆಕೆಂಡುಗಳಲ್ಲಿ ಬಿದ್ದವನ ಬಳಿಗೆ ಮರಳುತ್ತದೆ! ಪ್ರೊಪೆಲರು ನಿಮಿಷಕ್ಕೆ 1,500 ಸುತ್ತು ತಿರುಗುತ್ತಿದ್ದರೆ ಅದರ ಮೂರು ಅಲಗುಗಳು ಸೆಕೆಂಡಿಗೆ 75 ಬಾರಿ ಬೀಸುತ್ತವೆ.

ಇದನ್ನು ತಪ್ಪಿಸುವ ಸಾಧನವೇ ಕಿಲ್ ಸ್ವಿಚ್. ಸುರುಳಿ ಸುತ್ತಿದ ಕೆಂಪು ಹುರಿಯ ಒಂದು ತುದಿ ಚಾಲಕನ ಮಣಿಕಟ್ಟಿಗೋ ತೇಲುಜಾಕೀಟಿಗೋ ಕಟ್ಟಿರುತ್ತದೆ. ಇನ್ನೊಂದು ತುದಿಯ ಕ್ಲಿಪ್ಪು ಮೋಟಾರಿನ ಗುಂಡಿಯ ಕೆಳಗೆ ಸಿಕ್ಕಿರುತ್ತದೆ. ಚಾಲಕ ಬಿದ್ದರೆ ಕ್ಲಿಪ್ಪು ಕಳಚಿ, ಸ್ಪ್ರಿಂಗಿನ ಒತ್ತಡದಿಂದ ಗುಂಡಿ ಒಳಕ್ಕೆ ಸರಿದು, ಯಂತ್ರ ನಿಲ್ಲುತ್ತದೆ.

ಹೇಗೆ? ಮನೆಯ ದೀಪ ಆರಿಸುವಾಗ ಸ್ವಿಚ್ಚು ವಿದ್ಯುನ್ಮಂಡಲವನ್ನು ಕಡಿಯುತ್ತದೆ. ಇಲ್ಲಿ ನಡೆಯುವುದು ತದ್ವಿರುದ್ಧ: ಸ್ವಿಚ್ಚು ಮಂಡಲವನ್ನು ಕೂಡಿಸಿ ಯಂತ್ರವನ್ನು ನಿಲ್ಲಿಸುತ್ತದೆ. ಸಣ್ಣ ಮೋಟಾರುಗಳಲ್ಲಿ ಸಾಮಾನ್ಯವಾಗಿ ಕಿಡಿಗೆ ಬ್ಯಾಟರಿಯ ಹಂಗಿಲ್ಲ. ಫ್ಲೈವೀಲ್ ಎಂಬ ಭಾರದ ಚಕ್ರದಲ್ಲಿ ಅಯಸ್ಕಾಂತಗಳಿವೆ. ಅವು ತಂತಿಯ ಸುರುಳಿಯ ಮುಂದೆ ಹಾದಾಗ, 1831ರಲ್ಲಿ ಫ್ಯಾರಡೆ ಕಂಡುಹಿಡಿದ ನಿಯಮದಂತೆ, ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆ. ಆ ಪ್ರವಾಹ ಥಟ್ಟನೆ ಕಡಿದಾಗ ಪಕ್ಕದ ಸಾವಿರಾರು ಸುತ್ತುಗಳ ಸುರುಳಿಯಲ್ಲಿ ಹತ್ತು ಸಾವಿರ ವೋಲ್ಟಿಗೂ ಮೀರಿದ ಒತ್ತಡ ಉಂಟಾಗಿ ಕಿಡಿ ಹಾರುತ್ತದೆ. ಕಿಲ್ ಸ್ವಿಚ್ಚು ಮೊದಲನೆಯ ಸುರುಳಿಯನ್ನು ಯಂತ್ರದ ಲೋಹದ ಮೈಗೆ ಜೋಡಿಸಿಬಿಡುತ್ತದೆ. ಪ್ರವಾಹಕ್ಕೆ ಸುಲಭದ ದಾರಿ ದೊರೆತು ಅದು ಕಡಿಯುವುದೇ ಇಲ್ಲ, ಕಿಡಿಯೂ ಇಲ್ಲ. ಹುಣಸೂರು, ಪಿರಿಯಾಪಟ್ಟಣದ ಕಡೆಯ ವಾಚಕರ ಮನೆಯಲ್ಲಿ ಬೆನ್ನಿಗೆ ಹೊರುವ ಪೆಟ್ರೋಲ್ ಸಿಂಪಡಣಾ ಯಂತ್ರವಿದ್ದರೆ, ಅದನ್ನು ನಿಲ್ಲಿಸುವ ಗುಂಡಿಯೂ ಬಹುಮಟ್ಟಿಗೆ ಇದೇ ಜಾತಿಯದು.

ಈ ಏರ್ಪಾಟಿನಲ್ಲಿ ಒಂದು ಕುಂದುಂಟು. ಮನೆಯ ತಂತಿ ತುಂಡಾದರೆ ದೀಪವೇ ಆರಿ ನಮಗೆ ತಿಳಿಯುತ್ತದೆ. ಇಲ್ಲಿ ಸ್ವಿಚ್ಚಿನ ತಂತಿ ತುಂಡಾದರೆ ಮೋಟಾರು ಏನೂ ಆಗದಂತೆ ಓಡುತ್ತದೆ. ನಿಲ್ಲಬೇಕಾದಾಗ ಮಾತ್ರ ನಿಲ್ಲುವುದಿಲ್ಲ. ಆದುದರಿಂದ ದಡ ಬಿಡುವ ಮುನ್ನವೇ, ಮೋಟಾರು ಮೆಲ್ಲಗೆ ಓಡುತ್ತಿರುವಾಗ, ಹುರಿಯನ್ನು ಎಳೆದು ನೋಡತಕ್ಕದ್ದು. ಹುರಿ ತೊಡಕೆಂದು ಅದನ್ನು ಮೋಟಾರಿನ ಹಿಡಿಗೇ ಸುತ್ತಿಡುವವರೂ ಉಂಟು. ಹಾಗೆ ಸುತ್ತಿಟ್ಟ ಹುರಿ ಅಲಂಕಾರಕ್ಕಷ್ಟೇ ಸರಿ. ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕ ದೋಣಿಗಳು ವೇಗವಾಗಿ ಸಾಗುವಾಗ ಇದನ್ನು ಕಟ್ಟಿಕೊಳ್ಳಬೇಕೆಂಬ ಕಟ್ಟಳೆ 2021ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು.

ಕ್ಲಿಪ್ಪು ಚಾಲಕನೊಡನೆ ನೀರಿಗೆ ಬಿದ್ದಿತಷ್ಟೆ. ಅದಿಲ್ಲದೆ ಮೋಟಾರು ಮತ್ತೆ ಹೊರಡದು. ಆ ಕಾರಣ ದೋಣಿಯಲ್ಲಿ ಇನ್ನೊಂದು ಕ್ಲಿಪ್ಪು ಇರಬೇಕು, ಅದು ಎಲ್ಲಿದೆಯೆಂಬುದು ಜೊತೆಯವರಿಗೂ ತಿಳಿದಿರಬೇಕು. ಅವರು ಅದನ್ನು ಸಿಕ್ಕಿಸಿ, ದೋಣಿಯನ್ನು ನಿಧಾನವಾಗಿ ಬಿದ್ದವನ ಸಮೀಪಕ್ಕೆ ತಂದು, ಯಂತ್ರವನ್ನು ಪುನಃ ನಿಲ್ಲಿಸಿದ ಮೇಲೆಯೇ ಕೈ ನೀಡಬೇಕು.