ಅಣ್ಣಾವ್ರ ಮುಖಕ್ಕೆ ಚೌಕಳಿ ಬಿದ್ದದ್ದು ಹೇಗೆ?

ಏಪ್ರಿಲ್ 24. ಅಣ್ಣಾವ್ರ ಹುಟ್ಟುಹಬ್ಬ! ನಮ್ಮ ಬೀದಿಯ ಹುಡುಗರು ಚಂದಾ ಎತ್ತಿ, 1975ರ ‘ಮಯೂರ’ದ ಸ್ಟಿಲ್ ಹಾಕಿಸಿ ದೊಡ್ಡ ಬ್ಯಾನರ್ ಕಟ್ಟಿದರು. ಆ ಸ್ಟಿಲ್ ಕೊಟ್ಟಿದ್ದ ಹಿರಿಯ ಅಭಿಮಾನಿಯೊಬ್ಬರು ಬಂದರು. ಕನ್ನಡಕ ಒರೆಸಿಕೊಂಡು ನೋಡಿದರು.

“ಯಾರ್ರೋ ಇದು?”

ಹುಡುಗರ ಮುಖ ಸಪ್ಪಗಾಯ್ತು. ನಿಜ, ಕೆನ್ನೆ ತುಂಬಾ ಚೌಕಳಿ, ಕಣ್ಣಂಚಲ್ಲಿ ಮಸುಕು... “ಪ್ರಿಂಟ್ ಹಾಕಿದವನನ್ನು ವಿಚಾರಿಸ್ಕೋಬೇಕು” ಅಂತ ಹೊರಟೇಬಿಟ್ಟರು.

ತಾಳಿ ಸ್ವಾಮಿ! ಪಾಪ, ಅವನದೇನೂ ತಪ್ಪಿಲ್ಲ.

ಖಳನಾಯಕ ಯಾರು?

ನಾವು ಹಂಚಿಕೊಳ್ಳುವ ಫೋಟೊಗಳು ಸಾಮಾನ್ಯವಾಗಿ ಜೆಪೆಗ್ ಫೈಲುಗಳು. 1992ರಲ್ಲಿ ಮಾನ್ಯತೆ ಪಡೆದ ಪದ್ಧತಿ ಇದು. ಚಿತ್ರವನ್ನು ಉದ್ದಕ್ಕೆ 8, ಅಗಲಕ್ಕೆ 8 ಪಿಕ್ಸೆಲ್‌ಗಳ ಪುಟ್ಟ ಪುಟ್ಟ ಮನೆಗಳಾಗಿ ವಿಂಗಡಿಸಿ, ಕಣ್ಣಿಗೆ ಅಷ್ಟಾಗಿ ಗೊತ್ತಾಗದ ಸೂಕ್ಷ್ಮಗಳನ್ನು ಬಿಸಾಡಿ, ಫೈಲನ್ನು ಚಿಕ್ಕದು ಮಾಡುತ್ತದೆ. ಒಂದು ಸಲಕ್ಕೆ ಅಂಥಾ ನಷ್ಟವಿಲ್ಲ. ಆದರೆ ತಿದ್ದಿ ತಿದ್ದಿ ಸೇವ್ ಮಾಡಿದರೆ? ಪ್ರತಿ ಸಲವೂ ಒಂದಿಷ್ಟು ಹೋಗುತ್ತದೆ!

ನಮ್ಮ ಹುಡುಗರು ಮಾಡಿದ್ದೂ ಅದೇ. ಒಬ್ಬ ಅಂಚು ಕತ್ತರಿಸಿದ, ಇನ್ನೊಬ್ಬ ಬೆಳಕು ಏರಿಸಿದ, ಮತ್ತೊಬ್ಬ ಸಂಘದ ಹೆಸರು ಬರೆದ. ಎಲ್ಲರೂ ಜೆಪೆಗ್‌ನಲ್ಲೇ ಸೇವ್ ಮಾಡಿದರು. ಹಳೇ ಕಾಲದಲ್ಲಿ ಪ್ರಿಂಟಿನಿಂದ ಡ್ಯೂಪ್ ನೆಗೆಟಿವ್, ಅದರಿಂದ ಇನ್ನೊಂದು ಪ್ರಿಂಟ್ ತೆಗೆದರೆ ಚಿತ್ರ ಕೆಡುತ್ತಿತ್ತಲ್ಲ, ಹಾಗೆ! ಸುಮ್ಮನೆ ತೆರೆದು ನೋಡಿದರೆ, ಪೆನ್‌ಡ್ರೈವ್‌ಗೆ ಕಾಪಿ ಮಾಡಿದರೆ ಏನೂ ಆಗದು.

ಕಾಪಾಡೋದು ಹೇಗೆ?

ಮೊದಲ ಫೈಲನ್ನು ಮುಟ್ಟಲೇಬೇಡಿ, ಅದು ನಿಮ್ಮ ನೆಗೆಟಿವ್! ಕಾಪಿ ಮಾಡಿ, ಆ ಕಾಪಿಯನ್ನು ತಿದ್ದಿ. ಕೆಲಸ ಮುಗಿಯೋವರೆಗೂ ಪಿಎನ್‌ಜಿ ಅಥವಾ ಟಿಫ್‌ನಲ್ಲಿ ಇಡಿ. ಫೋಟೊಶಾಪ್ ಆದರೆ ಪಿಎಸ್‌ಡಿ, ಜಿಂಪ್ ಆದರೆ ಎಕ್ಸ್‌ಸಿಎಫ್. ಇವುಗಳಲ್ಲಿ ಎಷ್ಟು ಸಲ ಸೇವ್ ಮಾಡಿದರೂ ಹೀಗೆ ಸವೆಯೋದಿಲ್ಲ. ಎಲ್ಲಾ ಮುಗಿದ ಮೇಲೆ, ಬೇಕಿದ್ದರೆ ಒಂದೇ ಒಂದು ಸಲ ಜೆಪೆಗ್ ಮಾಡಿ. ಕ್ವಾಲಿಟಿ 90ರ ಮೇಲಿರಲಿ. ವಾಟ್ಸಾಪ್‌ನಲ್ಲಿ ಕಳಿಸುವಾಗ ಫೋಟೊ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ. ಫೋಟೊ ಅಂತ ಹೋದರೆ ದಾರಿಯಲ್ಲೇ ಇನ್ನಷ್ಟು ಕುಗ್ಗುತ್ತದೆ.

ಒಂದು ಮಾತು ನೆನಪಿರಲಿ: ಒಮ್ಮೆ ಹೋದ ಸೂಕ್ಷ್ಮ, ಆಮೇಲೆ ಕ್ವಾಲಿಟಿ 100 ಇಟ್ಟರೂ ವಾಪಸ್ ಬರೋದಿಲ್ಲ.

ಹಿರಿಯರ ಬಳಿಯಿದ್ದ ಸ್ಟಿಲ್ ಅಷ್ಟರಲ್ಲಿ ಮಳೆನೀರಿಗೆ ಹಾಳಾಗಿತ್ತು. ಪುಣ್ಯಕ್ಕೆ, ಮೊದಲು ಸ್ಕ್ಯಾನ್ ಮಾಡಿದ ಫೈಲು ಒಬ್ಬ ಹುಡುಗನ ಪೆನ್‌ಡ್ರೈವ್‌ನಲ್ಲಿ ಹಾಗೇ ಕೂತಿತ್ತು! ಸಂಜೆಯೊಳಗೆ ಹೊಸ ಬ್ಯಾನರ್ ಏರಿತು. ಹಿರಿಯರು ಬಹಳ ಹೊತ್ತು ನಿಂತು ನೋಡಿದರು.

“ಈಗ ಬಂದ ನೋಡ್ರೋ, ನಮ್ಮ ಮಯೂರ!”