ಒತ್ತೆ ಮತ್ತು ಮನೆ
(ಆಕಾಶವಾಣಿ ಭಾಷಣ)

ಕನ್ನಡದಲ್ಲಿ ‘ಒತ್ತೆ’ ಎಂಬ ಪದಕ್ಕೆ ಎರಡು ಅರ್ಥಗಳುಂಟು. ಸಾಲಕ್ಕೆ ಆಧಾರವಾಗಿ ಇಡುವ ವಸ್ತು ಒತ್ತೆ; ಹೊಲವನ್ನೋ ಮನೆಯನ್ನೋ ಒತ್ತೆಯಿಟ್ಟು ಹಣ ತರುವುದು ನಮಗೆಲ್ಲ ತಿಳಿದ ವ್ಯವಹಾರ. ಹಳೆಯ ಕನ್ನಡದಲ್ಲಿ ಇದೇ ಪದವು ವೇಶ್ಯೆಗೆ ಸಲ್ಲುವ ಹಣವೆಂಬ ಅರ್ಥದಲ್ಲಿಯೂ ಬಳಕೆಯಾಗಿದೆ. ಹನ್ನೆರಡನೆಯ ಶತಮಾನದ ಶರಣೆ ಸೂಳೆ ಸಂಕವ್ವೆಯದೆಂದು ನಮಗೆ ದೊರೆತಿರುವ ಒಂದೇ ಒಂದು ವಚನ ನಿಂತಿರುವುದು ಈ ಪದದ ಮೇಲೆಯೇ. ಒಬ್ಬನ ಒತ್ತೆಯನ್ನು ಹಿಡಿದವಳು ಇನ್ನೊಬ್ಬನದನ್ನು ಹಿಡಿಯಲಾಗದು, ಹಿಡಿದರೆ ಶಿಕ್ಷೆ ತಪ್ಪದು ಎಂಬುದು ಅದರ ಆಶಯ. ತನ್ನ ಕಸುಬಿನ ಕಟ್ಟುಪಾಡನ್ನೇ ಆಕೆ ವ್ರತನಿಷ್ಠೆಗೆ ಉಪಮಾನವಾಗಿಸಿದಳು. ಕೊಟ್ಟ ಮಾತಿಗೆ ತಪ್ಪದಿರುವುದೇ ಸಾಲವೆಂಬ ವ್ಯವಹಾರದ ಜೀವಾಳ. ಹಾಗಾದರೆ ಸಂಕವ್ವೆಯ ಕಸುಬಿನ ಹೆಣ್ಣೊಬ್ಬಳು ಇಂದು ಬ್ಯಾಂಕಿಗೆ ಹೋಗಿ ಮನೆಸಾಲ ಕೇಳಿದರೆ ಏನಾಗುತ್ತದೆ? ಇಂದಿನ ಭಾಷಣದ ವಿಷಯ ಇದೇ.

ಇದು ಮಹಾನಗರದ ಪ್ರಶ್ನೆಯೆಂದು ತಳ್ಳಿಹಾಕುವಂತಿಲ್ಲ. ಸಕಲೇಶಪುರ, ಆಲೂರುಗಳ ಗುಡ್ಡಗಾಡಿನಲ್ಲಿ ಮನೆಯೆಂಬುದು ಎಂದಿನಿಂದಲೂ ದುರ್ಲಭವಾದ ವಸ್ತು. ಕಾಫಿತೋಟದ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದ ಆಳಿಗೆ ಕೆಲಸವಿರುವವರೆಗೆ ಮಾತ್ರ ಸೂರು. ಕೈ ಸೋತ ದಿನ ಆ ಸೂರು ಇನ್ನೊಬ್ಬರದು. ಇಂಥಲ್ಲಿ ಒಬ್ಬ ಹೆಣ್ಣುಮಗಳನ್ನು ಊಹಿಸಿಕೊಳ್ಳೋಣ. ಕಾಫಿ ಹಣ್ಣಿನ ಕಾಲದಲ್ಲಿ ನಾಲ್ಕು ತಿಂಗಳು ಕೂಲಿ, ಉಳಿದ ಕಾಲದಲ್ಲಿ ಈ ವೃತ್ತಿ. ಬಾಡಿಗೆ ಮನೆ, ಸುಳಿವು ಸಿಕ್ಕಿದೊಡನೆ ಮಾಲೀಕರು ಬಿಡಿಸುತ್ತಾರೆ. ಅವಳಿಗೆ ಸ್ವಂತ ಮನೆಯೆಂದರೆ, ಯಾರೂ ‘ಏಳು’ ಎನ್ನಲಾಗದ ಒಂದು ಜಾಗ.

ಬ್ಯಾಂಕು ಕೇಳುವುದು ಮುಖ್ಯವಾಗಿ ಮೂರು ಪ್ರಶ್ನೆ: ನೀನು ಯಾರು? ನಿನ್ನ ಗಳಿಕೆ ಎಷ್ಟು? ನೀನು ಕೊಳ್ಳುವ ಜಾಗ ಯಾರದು?

ಮೊದಲನೆಯ ಪ್ರಶ್ನೆಯೇ ಬಹುಕಾಲ ಬಾಗಿಲಿನಂತೆ ಮುಚ್ಚಿಕೊಂಡಿತ್ತು. ಊರು ಬಿಟ್ಟುಬಂದವಳಿಗೆ ವಿಳಾಸದ ಪುರಾವೆ ಎಲ್ಲಿಯದು? 2022ರ ಮೇ 19ರಂದು ಸರ್ವೋಚ್ಚ ನ್ಯಾಯಾಲಯವು ಬುದ್ಧದೇವ ಕರ್ಮಸ್ಕರ್ ಮೊಕದ್ದಮೆಯಲ್ಲಿ ನೀಡಿದ ಆದೇಶ ಇಲ್ಲಿ ನೆನೆಯತಕ್ಕದ್ದು. ರಾಜ್ಯದ ಏಡ್ಸ್ ನಿಯಂತ್ರಣ ಸಂಸ್ಥೆಯ ಯೋಜನಾ ನಿರ್ದೇಶಕರಂಥ ಅಧಿಕಾರಿ ನಿಗದಿತ ನಮೂನೆಯಲ್ಲಿ ದೃಢೀಕರಿಸಿದರೆ, ವಿಳಾಸದ ಬೇರೆ ಪುರಾವೆಯನ್ನು ಒತ್ತಾಯಿಸದೆ ಈ ವೃತ್ತಿಯವರಿಗೆ ಆಧಾರ್ ಚೀಟಿ ಕೊಡಬೇಕು. ಅದರಲ್ಲಿ ವೃತ್ತಿಯನ್ನು ಸೂಚಿಸುವ ಯಾವ ಗುರುತೂ ಇರಕೂಡದು ಎಂದು ನ್ಯಾಯಾಲಯ ವಿಧಿಸಿತು.

ಎರಡನೆಯ ಪ್ರಶ್ನೆ ಹೆಚ್ಚು ಕಠಿಣ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗಣಿಕಾಧ್ಯಕ್ಷನೆಂಬ ಅಧಿಕಾರಿಯೇ ಇದ್ದಾನೆ. ಗಣಿಕೆಯರ ಆಯವ್ಯಯವನ್ನು ಲೆಕ್ಕವಿಡುವುದು ಅವನ ಕರ್ತವ್ಯ. ರೂಪಾಜೀವೆಯರು ತಿಂಗಳಿಗೆ ಎರಡು ದಿನದ ಗಳಿಕೆಯನ್ನು ತೆರಿಗೆಯಾಗಿ ಸಲ್ಲಿಸಬೇಕಿತ್ತು. ಆ ಶಾಸ್ತ್ರದ ರಾಜ್ಯಕ್ಕೆ ಅವಳ ಗಳಿಕೆ ಗಳಿಕೆಯಾಗಿಯೇ ಕಾಣುತ್ತಿತ್ತು. ಇಂದು ಅವಳ ಹಣಕ್ಕೆ ಸಂಬಳದ ಚೀಟಿಯಿಲ್ಲ, ಅಂಗಡಿಯ ಪರವಾನಗಿಯಿಲ್ಲ. ಸ್ವಂತ ಉದ್ಯೋಗದವರಿಂದ ಬ್ಯಾಂಕು ಸಾಮಾನ್ಯವಾಗಿ ಎರಡು ಮೂರು ವರ್ಷಗಳ ಆದಾಯ ತೆರಿಗೆ ವಿವರ ಮತ್ತು ಖಾತೆಯ ಪಾಸ್‌ಪುಸ್ತಕವನ್ನು ಕೇಳುತ್ತದೆ. ತೆರಿಗೆಯ ಕಾನೂನು ಗಳಿಕೆಯ ಮರ್ಯಾದೆಯನ್ನು ವಿಚಾರಿಸುವುದಿಲ್ಲ. ತೆರಿಗೆ ಕಟ್ಟಬೇಕಾದಷ್ಟು ಗಳಿಕೆ ಇಲ್ಲದವರೂ ವಿವರ ಸಲ್ಲಿಸಬಹುದು. ಕೈಗೆ ಬಂದ ಹಣವನ್ನು ಚೀಟಿಗೆ, ಚಿನ್ನಕ್ಕೆ ಹಾಕುವ ಬದಲು ವಾರ ವಾರವೂ ತಪ್ಪದೆ ಖಾತೆಗೆ ಕಟ್ಟುತ್ತ ಬಂದರೆ ಆ ಪಾಸ್‌ಪುಸ್ತಕವೇ ಅವಳ ಪರವಾಗಿ ಸಾಕ್ಷಿ ನುಡಿಯುತ್ತದೆ.

ಲೆಕ್ಕವನ್ನು ಒಂದಿಷ್ಟು ಬಿಡಿಸಿ ನೋಡೋಣ. 10 ಲಕ್ಷ ರೂಪಾಯಿಯ ಮನೆಗೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಹೆಚ್ಚೆಂದರೆ 9 ಲಕ್ಷ ಸಾಲ ಸಿಗಬಹುದು. ಉಳಿದ 1 ಲಕ್ಷ ಅವಳದೇ ಆಗಿರಬೇಕು. ಶೇಕಡಾ 9ರ ಬಡ್ಡಿಯಲ್ಲಿ 15 ವರ್ಷಗಳ ಅವಧಿಗೆ ಮಾಸಿಕ ಕಂತು ಸುಮಾರು 9,130 ರೂಪಾಯಿ. ಕಂತು ಗಳಿಕೆಯ ಅರ್ಧವನ್ನು ಮೀರದಿರಲೆಂದು ಬ್ಯಾಂಕು ನೋಡಿದರೆ, ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚಿನ ಗಳಿಕೆ ಕಾಗದದ ಮೇಲೆ ಕಾಣಬೇಕು. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ವಯಸ್ಸು ಏರಿದಂತೆ ಗುಮಾಸ್ತೆಯ ಸಂಬಳ ಏರುತ್ತದೆ. ಈ ವೃತ್ತಿಯಲ್ಲಿ ವಯಸ್ಸು ಏರಿದಂತೆ ಗಳಿಕೆ ಇಳಿಯುತ್ತದೆ. ಆದ್ದರಿಂದ ಅವಳಿಗೆ ದೀರ್ಘಾವಧಿಯ ದೊಡ್ಡ ಸಾಲಕ್ಕಿಂತ, ಹೆಚ್ಚು ಉಳಿತಾಯ ಕೂಡಿಸಿ ಬೇಗ ತೀರುವ ಸಣ್ಣ ಸಾಲವೇ ಹಿತ.

ಮೂರನೆಯ ಪ್ರಶ್ನೆ ನಮ್ಮ ಮಲೆನಾಡಿಗೆ ವಿಶೇಷವಾದದ್ದು. ಗ್ರಾಮದ ನಿವೇಶನಕ್ಕೆ ಪಂಚಾಯಿತಿಯ ನಮೂನೆ 9 ಮತ್ತು 11, ಮೂಲಪತ್ರ, ಋಣಭಾರ ಪತ್ರ ಇವೆಲ್ಲ ಬೇಕು. ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆಗೆ ಹಕ್ಕುಪತ್ರ ದೊರೆಯದ ಹೊರತು ಅದು ಒತ್ತೆಗೆ ಬಾರದು. ಪರಿಶಿಷ್ಟರಿಗೆ ಮಂಜೂರಾದ ಭೂಮಿಯನ್ನು ಅನುಮತಿಯಿಲ್ಲದೆ ಕೊಂಡವರು 1978ರ ಕಾಯ್ದೆಯಂತೆ ಅದನ್ನು ಕಳೆದುಕೊಳ್ಳುತ್ತಾರೆ. ಅಗ್ಗವೆಂದು ಛಾಪಾಕಾಗದದ ಕರಾರಿಗೆ ಉಳಿತಾಯವನ್ನೆಲ್ಲ ಸುರಿದವಳಿಗೆ ಮನೆಯೂ ಇಲ್ಲ, ಹಣವೂ ಇಲ್ಲ. ಈ ಅಪಾಯ ಎಲ್ಲ ಬಡವರಿಗೂ ಉಂಟು. ಆದರೆ ವಂಚನೆಯಾದಾಗ ಠಾಣೆಯ ಮೆಟ್ಟಿಲೇರಲು ಹಿಂಜರಿಯುವವಳನ್ನು ವಂಚಿಸುವುದು ಇನ್ನೂ ಸುಲಭ.

ಹಾಗಾದರೆ ಕಾನೂನೇ ಅಡ್ಡಿಯೇ? 1956ರಲ್ಲಿ ಬಂದು 1986ರಲ್ಲಿ ಹೊಸ ಹೆಸರು ಪಡೆದ ಅನೈತಿಕ ವ್ಯವಹಾರ ತಡೆ ಕಾಯ್ದೆ, ವಯಸ್ಕ ಹೆಣ್ಣು ಸ್ವಇಚ್ಛೆಯಿಂದ ಏಕಾಂತದಲ್ಲಿ ನಡೆಸುವ ವೃತ್ತಿಯನ್ನೇ ಅಪರಾಧವೆನ್ನುವುದಿಲ್ಲ. ವೇಶ್ಯಾಗೃಹ ನಡೆಸುವುದು, ಅದಕ್ಕೆ ಜಾಗ ಕೊಡುವುದು, ಸಾರ್ವಜನಿಕ ಸ್ಥಳದಲ್ಲಿ ಕರೆಯುವುದು ಅಪರಾಧ. ಇನ್ನೊಬ್ಬರ ಈ ಗಳಿಕೆಯಿಂದ ತಿಳಿದೂ ಬದುಕುವ ವಯಸ್ಕನೂ ಅಪರಾಧಿ. ಮನೆಸಾಲಕ್ಕೆ ಬ್ಯಾಂಕು ಜೊತೆಗಾರನ ರುಜು ಕೇಳಿತೆನ್ನಿ. ಹದಿನೆಂಟು ದಾಟಿದ ಮಗ ತಾಯಿಯ ಹಣದಿಂದ ಬದುಕುತ್ತಿದ್ದಾನೆಂಬ ಆಕ್ಷೇಪಕ್ಕೆ ಅಲ್ಲಿಯೇ ಎಡೆಯಾಗುತ್ತದೆ. ಇನ್ನು 1872ರ ಕರಾರು ಕಾಯ್ದೆಯ 23ನೆಯ ಕಲಮು ಅನೈತಿಕ ಉದ್ದೇಶದ ಕರಾರನ್ನು ಅಸಿಂಧುವೆನ್ನುತ್ತದೆ. ಇಂಗ್ಲೆಂಡಿನಲ್ಲಿ 1866ರಲ್ಲಿ, ವೇಶ್ಯೆಯೊಬ್ಬಳು ವೃತ್ತಿಗಾಗಿ ಬಳಸುವಳೆಂದು ತಿಳಿದೇ ಬಾಡಿಗೆಗೆ ಕೊಟ್ಟ ಸಾರೋಟಿನ ಹಣವನ್ನು ಮಾಲೀಕರು ವಸೂಲು ಮಾಡಲಾಗದೆಂದು ತೀರ್ಪಾಯಿತು. ಆದರೆ ಅಲ್ಲಿ ದೋಷ ಹಿಡಿದದ್ದು ಸಾರೋಟಿನ ಉದ್ದೇಶಕ್ಕೆ. ವಾಸಕ್ಕೆಂದು ಕೊಳ್ಳುವ ಮನೆಯ ಉದ್ದೇಶ ವಾಸವೇ. ಒಲೆ ಹೊತ್ತಿಸುವುದರಲ್ಲಿ ಅನೈತಿಕವಾದದ್ದು ಯಾವುದೂ ಇಲ್ಲ. ಆಕೆಗೆ ಸಾಲ ಕೊಡಬಾರದೆಂದು ಹೇಳುವ ಕಾನೂನು ಇಲ್ಲ. ಅಡ್ಡಿಯಿರುವುದು ಅರ್ಜಿಯಲ್ಲಿನ ‘ಉದ್ಯೋಗ’ ಎಂಬ ಒಂದು ಕೋಣೆಯಲ್ಲಿ. ನಿಜ ಬರೆದರೆ ಅರ್ಜಿ ಮರಳೀತು. ಸುಳ್ಳು ಬರೆದರೆ ಮುಂದೆ ಅದೇ ವಂಚನೆಯ ಆರೋಪವಾದೀತು.

ಈ ಇಕ್ಕಟ್ಟನ್ನು ಎದುರಿಸಿದವರು ಕಲ್ಕತ್ತೆಯ ಸೋನಾಗಾಛಿಯ ಹೆಣ್ಣುಮಕ್ಕಳು. 1995ರಲ್ಲಿ ಅವರು ‘ಉಷಾ’ ಎಂಬ ಸಹಕಾರ ಸಂಘವನ್ನು ನೋಂದಾಯಿಸಹೊರಟಾಗ, ಸದಸ್ಯರಿಗೆ ಸಚ್ಚಾರಿತ್ರ್ಯವಿರಬೇಕೆಂಬ ನಿಯಮ ಎದುರಾಯಿತು. ‘ಗೃಹಿಣಿಯರು’ ಎಂದು ಬರೆದುಬಿಡಿರೆಂಬ ಸಲಹೆ ಬಂದಿತು. ಅವರು ಒಪ್ಪಲಿಲ್ಲ, ತಮ್ಮ ವೃತ್ತಿಯ ಹೆಸರಿನಲ್ಲಿಯೇ ನೋಂದಣಿ ಪಡೆದರು. ದುಬಾರಿ ಬಡ್ಡಿಯ ಲೇವಾದೇವಿಗಾರರ ಕೈಯಿಂದ ಬಿಡಿಸಿಕೊಳ್ಳಲು ಸದಸ್ಯೆಯರಿಗೆ ಅದು ದಾರಿಯಾಯಿತು. ನಮ್ಮ ಮೈಸೂರಿನಲ್ಲಿಯೂ ‘ಅಶೋದಯ ಸಮಿತಿ’ ಎಂಬ ಸಂಘಟನೆಯನ್ನು ಈ ವೃತ್ತಿಯವರೇ ಕಟ್ಟಿಕೊಂಡರು. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಹಕಾರ ಸಂಘವನ್ನು ಹುಟ್ಟುಹಾಕಿದ ನಾಡು ನಮ್ಮದು. ಒಬ್ಬೊಬ್ಬರಾಗಿ ಸಾಲಕ್ಕೆ ಅನರ್ಹರೆನಿಸಿದವರು ಕೂಡಿ ನಿಂತರೆ ಅರ್ಹರಾಗುತ್ತಾರೆಂಬುದೇ ಆ ಚಳವಳಿಯ ಮೂಲ ತತ್ವ. ಅದು ರೈತನಿಗೆ ಸತ್ಯವಾದರೆ ಇವಳಿಗೂ ಸತ್ಯವೇ.

ಹೆಣ್ಣಿಗೆ ಆಸ್ತಿಯ ಹಕ್ಕನ್ನು ಅವಳ ನಡತೆಯಿಂದ ಅಳೆಯುವುದು ನಮ್ಮ ನಾಡಿನ ಏಕೈಕ ಪರಂಪರೆಯಲ್ಲ. ಬಾದಾಮಿಯ ಚಾಲುಕ್ಯ ವಿಜಯಾದಿತ್ಯನ ಪ್ರಾಣವಲ್ಲಭೆಯಾಗಿದ್ದ ವಿನಾಪೋಟಿಯೆಂಬ ಗಣಿಕೆ ಮಹಾಕೂಟದ ದೇವರಿಗೆ ರತ್ನಪೀಠ, ಬೆಳ್ಳಿಯ ಕೊಡೆಗಳ ಜೊತೆಗೆ ಭೂಮಿಯನ್ನೂ ದಾನವಿತ್ತಳೆಂದು ಎಂಟನೆಯ ಶತಮಾನದ ಶಾಸನ ಸಾರುತ್ತದೆ. ಅವಳ ಕೈಯಿಂದ ಭೂಮಿಯನ್ನು ಸ್ವೀಕರಿಸಲು ದೇವರು ಹಿಂಜರಿಯಲಿಲ್ಲ. ಅದನ್ನು ಕಲ್ಲಿನಲ್ಲಿ ಕೆತ್ತಲು ಶಾಸನಕಾರನೂ ನಾಚಲಿಲ್ಲ. ಆಲೂರಿನ ಹೆಣ್ಣುಮಗಳು ಕೇಳುತ್ತಿರುವುದು ದಾನವನ್ನಲ್ಲ. ಬಡ್ಡಿಸಹಿತ ತೀರಿಸುವೆನೆಂಬ ಮಾತನ್ನು ಕೊಟ್ಟು, ಮನೆಯನ್ನೇ ಒತ್ತೆಯಿಡುತ್ತೇನೆನ್ನುತ್ತಾಳೆ. ಆ ಮಾತನ್ನು ಅವಳು ಕಟ್ಟಿದ ಕಂತುಗಳಿಂದ ಅಳೆಯುವುದು ನ್ಯಾಯ.