ವೇಗದ ಮಿತಿ ಮತ್ತು ವಾಹನ ತಪಾಸಣೆ: ಶರೀರದ ದೃಷ್ಟಿಯಿಂದ ಒಂದು ವಿವೇಚನೆ

ಕಾರವಾರದಿಂದ ಅಂಕೋಲೆಯ ಕಡೆಗೆ ಸಾಗುವವರಿಗೆ ನಡುವೆ ದೊರೆಯುವ ಊರು ಹಾರವಾಡ. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಸಹ್ಯಾದ್ರಿಯ ತಪ್ಪಲು. ಇವೆರಡರ ನಡುವಣ ಕಿರಿದಾದ ಪಟ್ಟಿಯಲ್ಲಿಯೇ ಮನೆ, ಗದ್ದೆ, ಕೊಂಕಣ ರೈಲು ಮಾರ್ಗ ಮತ್ತು ರಾಷ್ಟ್ರೀಯ ಹೆದ್ದಾರಿಗಳು ಒಂದರ ಪಕ್ಕದಲ್ಲೊಂದು ಇರಬೇಕಾಗಿದೆ. ಇಂತಹ ಕರಾವಳಿಯ ಊರುಗಳಲ್ಲಿ ಮೀನು ಮಾರಲು ಹೊರಟವರಾಗಲಿ, ಶಾಲೆಗೆ ಹೊರಟ ಮಕ್ಕಳಾಗಲಿ, ಬಸ್ಸಿಗೆ ಕಾಯುವ ವೃದ್ಧರಾಗಲಿ ದಿನವೂ ಹೆದ್ದಾರಿಯ ಅಂಚಿಗೆ ಬಾರದೆ ಇರುವಂತಿಲ್ಲ.

ಮಹಾರಾಷ್ಟ್ರದ ಪನವೇಲ್‌ನಿಂದ ಕನ್ಯಾಕುಮಾರಿಯವರೆಗೆ ಸಾಗುವ ಈ ರಸ್ತೆಗೆ ಹಿಂದೆ 17 ಎಂಬ ಸಂಖ್ಯೆ ಇತ್ತು. ಈಗ ಅದು 66. ಎರಡು ಪಥದ ಕಾಲದಲ್ಲಿ ರಸ್ತೆಯ ತಿರುವುಗಳೇ ವಾಹನಗಳಿಗೆ ಒಂದು ಬಗೆಯ ಕಡಿವಾಣ ಹಾಕಿದ್ದವು. ಚತುಷ್ಪಥ ಬಂದ ಮೇಲೆ ಆ ಕಡಿವಾಣ ಸಡಿಲವಾಯಿತು. ಹಾಗಾದರೆ ವೇಗಕ್ಕೆ ಮಿತಿಯನ್ನು ಯಾರು ಹಾಕಬೇಕು? ವಾಹನ ಸುಸ್ಥಿತಿಯಲ್ಲಿದೆಯೆಂದು ಯಾರು ಹೇಳಬೇಕು? ಇವೆರಡೂ ಸವಾರನ ವಿವೇಚನೆಗೆ ಬಿಟ್ಟ ವಿಷಯಗಳೇ, ಸರಕಾರದ ಅಧಿಕಾರಕ್ಕೆ ಸೇರಿದವುಗಳೇ ಎಂಬ ಚರ್ಚೆ ನಮ್ಮಲ್ಲಿ ಬಹುಕಾಲದಿಂದ ನಡೆದಿದೆ.

ಆರೋಗ್ಯದ ಪುಟದಲ್ಲಿ ಹೆದ್ದಾರಿಯ ಮಾತೇಕೆ ಎಂದು ಓದುಗರು ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 5ರಿಂದ 29 ವರ್ಷ ವಯಸ್ಸಿನವರ ಮರಣಕ್ಕೆ ಜಗತ್ತಿನಲ್ಲಿ ಮೊದಲನೆಯ ಕಾರಣ ರಸ್ತೆ ಅಪಘಾತ. ಭಾರತದಲ್ಲಿ 2022ನೆಯ ಒಂದೇ ವರ್ಷದಲ್ಲಿ 4,61,312 ಅಪಘಾತಗಳು ಸಂಭವಿಸಿ 1,68,491 ಜನರು ಪ್ರಾಣ ಕಳೆದುಕೊಂಡರು. ಕೇಂದ್ರ ಸಾರಿಗೆ ಸಚಿವಾಲಯದ ಅದೇ ವರದಿಯ ಪ್ರಕಾರ ಈ ಸಾವುಗಳಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚಿನವು ಅತಿವೇಗದೊಡನೆ ತಳುಕು ಹಾಕಿಕೊಂಡಿವೆ. ಒಂದು ಸಾಂಕ್ರಾಮಿಕ ರೋಗವು ವರ್ಷಂಪ್ರತಿ ಇಷ್ಟು ಜನರನ್ನು ಬಲಿ ತೆಗೆದುಕೊಂಡಿದ್ದರೆ ಅದನ್ನು ಆರೋಗ್ಯದ ಪ್ರಶ್ನೆಯೆಂದೇ ನಾವು ಭಾವಿಸುತ್ತಿದ್ದೆವು.

ವೇಗ ಮತ್ತು ಶರೀರ

ಅಪಾಯವನ್ನು ಕಂಡು ಕಾಲು ಬ್ರೇಕಿನ ಮೇಲೆ ಬರುವುದಕ್ಕೆ ಸಾಮಾನ್ಯ ಸವಾರನಿಗೆ ಸುಮಾರು ಒಂದೂವರೆ ಸೆಕೆಂಡು ಬೇಕು. ಗಂಟೆಗೆ 60 ಕಿ.ಮೀ. ವೇಗದ ಕಾರು ಅಷ್ಟರಲ್ಲಿ 25 ಮೀಟರ್ ಸಾಗಿರುತ್ತದೆ; ಅನಂತರ ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕು ಅದನ್ನು ಇನ್ನೂ ಸುಮಾರು 20 ಮೀಟರಿನಲ್ಲಿ ನಿಲ್ಲಿಸುತ್ತದೆ. ಒಟ್ಟು 45 ಮೀಟರ್. ಗಂಟೆಗೆ 100 ಕಿ.ಮೀ. ವೇಗದ ಕಾರಿಗೆ ಇದೇ ಲೆಕ್ಕ 42 ಮತ್ತು 55, ಅಂದರೆ ಒಟ್ಟು 97 ಮೀಟರ್ ಆಗುತ್ತದೆ. ಇದರ ಅರ್ಥವನ್ನು ಓದುಗರು ನಿಧಾನವಾಗಿ ಗ್ರಹಿಸಬೇಕು. ಮೊದಲನೆಯ ಕಾರು ಪೂರ್ಣವಾಗಿ ನಿಂತ ಸ್ಥಳದಲ್ಲಿ ಎರಡನೆಯ ಕಾರಿನ ಸವಾರನು ಆಗಷ್ಟೇ ಬ್ರೇಕನ್ನು ಒತ್ತಿರುತ್ತಾನೆ. ಅಲ್ಲಿ ಅವನ ವೇಗ ಇನ್ನೂ 95 ಕಿ.ಮೀ.ಗಿಂತ ಹೆಚ್ಚು. ಆ ಸ್ಥಳದಲ್ಲಿ ಒಂದು ಮಗು ರಸ್ತೆ ದಾಟುತ್ತಿದ್ದರೆ ಮೊದಲನೆಯ ಕಾರು ಅದರ ಮುಂದೆ ನಿಲ್ಲುತ್ತದೆ. ಎರಡನೆಯದು ಹೆಚ್ಚುಕಡಿಮೆ ಪೂರ್ಣ ವೇಗದಲ್ಲಿ ಅಪ್ಪಳಿಸುತ್ತದೆ.

ಈ ಲೆಕ್ಕ ಒಣ ರಸ್ತೆಗೆ ಮಾತ್ರ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಸ್ತೆ ಒಣಗಿರುವ ದಿನಗಳೇ ವಿರಳ. ಒದ್ದೆ ರಸ್ತೆಯ ಮೇಲೆ ಹಿಡಿತ ಕಡಿಮೆಯಾಗಿ 60 ಕಿ.ಮೀ. ವೇಗದ ಕಾರಿಗೆ ಸುಮಾರು 60 ಮೀಟರ್, 100 ಕಿ.ಮೀ. ವೇಗದ ಕಾರಿಗೆ 130 ಮೀಟರಿಗೂ ಹೆಚ್ಚು ಸ್ಥಳ ಬೇಕಾಗುತ್ತದೆ. ಟಾಯರು ಸವೆದಿದ್ದರೆ ಅದರ ಅಡಿಯ ನೀರು ಹೊರಹೋಗಲು ಗೆರೆಗಳಿರುವುದಿಲ್ಲ. ವಾಹನವು ರಸ್ತೆಯನ್ನು ಬಿಟ್ಟು ನೀರಿನ ಪದರದ ಮೇಲೆ ತೇಲತೊಡಗುತ್ತದೆ. ಆಗ ಬ್ರೇಕಾಗಲಿ ಸ್ಟಿಯರಿಂಗ್ ಆಗಲಿ ಕೆಲಸಕ್ಕೆ ಬಾರವು.

ವೇಗವು ಇಮ್ಮಡಿಯಾದರೆ ಆಘಾತದ ಶಕ್ತಿಯು ನಾಲ್ಮಡಿಯಾಗುತ್ತದೆ. 60 ಕಿ.ಮೀ. ವೇಗದಲ್ಲಿ ಗೋಡೆಗೆ ಅಪ್ಪಳಿಸುವುದು ಸುಮಾರು 14 ಮೀಟರ್ ಎತ್ತರದಿಂದ ಬಿದ್ದುದಕ್ಕೆ ಸಮ, 100 ಕಿ.ಮೀ. ವೇಗದಲ್ಲಾದರೆ 39 ಮೀಟರ್ ಎತ್ತರದಿಂದ ಬಿದ್ದಂತೆ. ವಾಹನ ಥಟ್ಟನೆ ನಿಂತಾಗ ಅದರೊಳಗಿನ ಶರೀರವು ಮೊದಲಿನ ವೇಗದಲ್ಲಿಯೇ ಮುನ್ನುಗ್ಗುತ್ತದೆ. ಶರೀರ ನಿಂತ ಮೇಲೆಯೂ ಅದರೊಳಗಿನ ಅಂಗಗಳು ಮುನ್ನುಗ್ಗುತ್ತವೆ. ಮೆದುಳು ತಲೆಬುರುಡೆಗೆ ಬಡಿಯುತ್ತದೆ. ಯಕೃತ್ತು, ಗುಲ್ಮಗಳು ಒಡೆದು ಹೊಟ್ಟೆಯೊಳಗೆ ರಕ್ತಸ್ರಾವವಾಗುತ್ತದೆ. ಹೊರಗೆ ಗಾಯವಿಲ್ಲದೆ ಮಾತನಾಡುತ್ತಿದ್ದವರು ಒಂದೆರಡು ಗಂಟೆಗಳಲ್ಲಿ ಕುಸಿಯುವುದು ಈ ಕಾರಣದಿಂದ. ಸರಾಸರಿ ವೇಗವು ನೂರಕ್ಕೆ ಒಂದರಷ್ಟು ಏರಿದರೆ ಪ್ರಾಣಾಂತಿಕ ಅಪಘಾತದ ಸಂಭವವು ನೂರಕ್ಕೆ ನಾಲ್ಕರಷ್ಟು ಏರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಮಿತಿಯ ವಾದ, ಪ್ರತಿವಾದ

2018ರ ಏಪ್ರಿಲ್ ತಿಂಗಳಲ್ಲಿ ಕೇಂದ್ರ ಸರಕಾರವು ವೇಗದ ಗರಿಷ್ಠ ಮಿತಿಯನ್ನು ಏರಿಸಿತು. ಎಕ್ಸ್‌ಪ್ರೆಸ್ ಮಾರ್ಗಗಳಲ್ಲಿ ಕಾರುಗಳಿಗೆ 120, ವಿಭಜಕವುಳ್ಳ ಚತುಷ್ಪಥಗಳಲ್ಲಿ 100, ಇತರ ರಸ್ತೆಗಳಲ್ಲಿ 70 ಕಿ.ಮೀ. ಎಂದಾಯಿತು. ರಸ್ತೆಗಳು ಉತ್ತಮಗೊಂಡಿವೆ, ವಾಹನಗಳ ತಂತ್ರಜ್ಞಾನ ಸುಧಾರಿಸಿದೆ ಎಂಬುದು ಇದರ ಹಿಂದಿನ ವಾದ. 2021ರಲ್ಲಿ ಮದ್ರಾಸ್ ಹೈಕೋರ್ಟ್ ಆ ಅಧಿಸೂಚನೆಯನ್ನು ರದ್ದುಗೊಳಿಸಿ, ಮಿತಿಯನ್ನು ತಗ್ಗಿಸಬೇಕೆಂದು ಆದೇಶಿಸಿತು. ಅಪಘಾತವೊಂದರ ಪರಿಹಾರದ ಮೊಕದ್ದಮೆಯಿಂದ ಹುಟ್ಟಿದ ತೀರ್ಪು ಅದು.

ಸರಕಾರದ ವಾದದಲ್ಲಿ ಸತ್ಯಾಂಶವಿಲ್ಲದಿಲ್ಲ. ಒಳ್ಳೆಯ ರಸ್ತೆಯಲ್ಲಿ ಒಳ್ಳೆಯ ವಾಹನವು ಹೆಚ್ಚು ವೇಗವನ್ನು ತಾಳಬಲ್ಲದು. ಆದರೆ ರಸ್ತೆಯೂ ಎಂಜಿನ್ನೂ ಸುಧಾರಿಸಿದಷ್ಟು ವೇಗವಾಗಿ ಮನುಷ್ಯನ ಎಲುಬು, ಕಣ್ಣು, ನರಗಳು ಸುಧಾರಿಸಿಲ್ಲ. ನಮ್ಮ ಅಜ್ಜಂದಿರಿಗೆ ಅಪಾಯವನ್ನು ಗ್ರಹಿಸಲು ಬೇಕಾಗುತ್ತಿದ್ದ ಒಂದೂವರೆ ಸೆಕೆಂಡು ನಮಗೂ ಬೇಕು. ಅಲ್ಲದೆ ಹೊಸ ಕಾರಿನಲ್ಲಿ ಕುಳಿತವನಿಗೆ ಲಭಿಸುವ ರಕ್ಷಣೆ ರಸ್ತೆಯ ಅಂಚಿನಲ್ಲಿ ನಡೆಯುವವಳಿಗೆ ಲಭಿಸುವುದಿಲ್ಲ. ವೇಗದ ಸುಖವನ್ನು ಒಬ್ಬನು ಅನುಭವಿಸಿ ಅದರ ಬೆಲೆಯನ್ನು ಇನ್ನೊಬ್ಬನು ತೆರುವ ಕಡೆ ಮಿತಿಯನ್ನು ಸವಾರನೊಬ್ಬನ ಇಚ್ಛೆಗೆ ಬಿಡಲಾಗದು.

ಮಿತಿಯನ್ನು ಫಲಕದ ಮೇಲೆ ಬರೆದರೆ ಸಾಲದೆಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ನಿದರ್ಶನವಿದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 2023ರ ಮೇ ತಿಂಗಳಲ್ಲಿ 29, ಜೂನ್‌ನಲ್ಲಿ 28 ಜನರು ಮೃತರಾದರು. ಪೊಲೀಸರು ವೇಗ ಅಳೆಯುವ ಯಂತ್ರಗಳೊಡನೆ ರಸ್ತೆಗಿಳಿದ ಮೇಲೆ ಜುಲೈನಲ್ಲಿ ಈ ಸಂಖ್ಯೆ 8ಕ್ಕೆ ಇಳಿಯಿತು. ಅದೇ ಆಗಸ್ಟ್ 1ರಿಂದ ದ್ವಿಚಕ್ರ, ತ್ರಿಚಕ್ರ ವಾಹನಗಳನ್ನೂ ಟ್ರ್ಯಾಕ್ಟರುಗಳನ್ನೂ ಮುಖ್ಯ ಪಥದಿಂದ ದೂರವಿರಿಸಲಾಯಿತು. ಇಳಿಕೆಗೆ ಒಂದೇ ಕಾರಣವನ್ನು ಹೇಳುವುದು ಸರಿಯಲ್ಲ; ಆದರೆ ಕಾವಲಿಲ್ಲದ ಮಿತಿಗೂ ಕಾವಲಿರುವ ಮಿತಿಗೂ ಇರುವ ಅಂತರ ಇಲ್ಲಿ ಕಾಣುತ್ತದೆ. ಆದರೆ ಹಾರವಾಡದಂತಹ ಊರುಗಳ ಜನರನ್ನು ಹೀಗೆ ಹೆದ್ದಾರಿಯಿಂದ ದೂರವಿರಿಸಲು ಬಾರದು. ಅವರಿಗೆ ಬೇರೆ ದಾರಿಯಿಲ್ಲ. ಆದುದರಿಂದ ಇಲ್ಲಿ ತಗ್ಗಬೇಕಾದುದು ವೇಗವೇ. ಮೋಟಾರು ವಾಹನ ಕಾಯಿದೆಯ 112ನೆಯ ಕಲಮು ಸಾರ್ವಜನಿಕರ ಸುರಕ್ಷತೆಗಾಗಿ ನಿರ್ದಿಷ್ಟ ಸ್ಥಳಗಳಲ್ಲಿ ಇನ್ನೂ ಕಡಿಮೆ ಮಿತಿಯನ್ನು ಗೊತ್ತುಪಡಿಸುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟಿದೆ.

ತಪಾಸಣೆಯ ಅಗತ್ಯ

ಇನ್ನು ವಾಹನ ತಪಾಸಣೆ. ಲಾರಿ, ಬಸ್ಸು, ಟೆಂಪೊ, ಟ್ಯಾಕ್ಸಿಗಳಿಗೆ ಸುಸ್ಥಿತಿಯ ಪ್ರಮಾಣಪತ್ರ, ಜನರ ಮಾತಿನಲ್ಲಿ ‘ಎಫ್.ಸಿ.’, ಕಡ್ಡಾಯ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿವರ್ಷವೂ ಅದನ್ನು ಪಡೆಯಬೇಕು. ಸ್ವಂತ ಬಳಕೆಯ ಕಾರು, ಬೈಕುಗಳಿಗೆ ಹದಿನೈದು ವರ್ಷ ತುಂಬಿದಾಗಲಷ್ಟೇ ಇಂತಹ ಪರೀಕ್ಷೆ. ಬ್ರೇಕು, ಸ್ಟಿಯರಿಂಗ್, ದೀಪ, ವೈಪರ್, ಕನ್ನಡಿ, ಹಾರ್ನ್, ಹೊಗೆಯ ಪ್ರಮಾಣ ಮುಂತಾದುವನ್ನು ಅದರಲ್ಲಿ ನೋಡಲಾಗುತ್ತದೆ.

ಇದರಿಂದ ಪ್ರಯೋಜನವೇನು ಎಂದು ಕೇಳುವವರಿದ್ದಾರೆ. ತಪಾಸಣೆಯ ದಿನಕ್ಕೆಂದು ಎರವಲು ಟಾಯರು ಹಾಕಿ, ಮರುದಿನ ಹಳೆಯದನ್ನೇ ಜೋಡಿಸುವವರ ಬಗ್ಗೆ ನಾವೆಲ್ಲ ಕೇಳಿದ್ದೇವೆ. ವಿದೇಶದ ಒಂದು ಪ್ರಮಾಣವೂ ಆಕ್ಷೇಪಕರ ಪರವಾಗಿದೆ: ನಾರ್ವೆಯಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಗುಂಪುಗಳಾಗಿ ವಿಂಗಡಿಸಿ ನಡೆಸಿ, 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಪಾಸಣೆಗೊಳಗಾದ ಮತ್ತು ಒಳಗಾಗದ ಕಾರುಗಳ ಅಪಘಾತಗಳಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ಈ ಫಲಿತಾಂಶವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಅದು ಆ ದೇಶದ ಖಾಸಗಿ ಕಾರುಗಳ ಮಾತು. ಅದನ್ನು ಹಾಗೆಯೇ ತಂದು, ಭಾರ ಹೊತ್ತು ಘಟ್ಟ ಇಳಿಯುವ ನಮ್ಮ ಲಾರಿಗಳಿಗೆ ಅನ್ವಯಿಸಲಾಗದು.

ಹುಬ್ಬಳ್ಳಿಯಿಂದ ಅಂಕೋಲೆಗೆ ಬರುವ ಭಾರದ ವಾಹನವು ಅರಬೈಲ್ ಘಟ್ಟವನ್ನು ಇಳಿಯಲೇಬೇಕು. ಇಳಿಜಾರಿನಲ್ಲಿ ಎಡೆಬಿಡದೆ ಬ್ರೇಕು ಒತ್ತಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಕೆಳಗಿನ ಗೇರಿನಲ್ಲಿ ಎಂಜಿನ್ನಿನ ತಡೆಯಿಂದಲೇ ಇಳಿಯುವುದು ಕ್ಷೇಮ. ಸವೆದ ಬ್ರೇಕು ಸಮತಟ್ಟಾದ ರಸ್ತೆಯಲ್ಲಿ ತಿಂಗಳುಗಟ್ಟಲೆ ತನ್ನ ದೋಷವನ್ನು ಮರೆಮಾಚಿ, ಘಟ್ಟದ ಒಂದೇ ಇಳಿಜಾರಿನಲ್ಲಿ ಹೊರಗೆಡಹಬಹುದು. ರಕ್ತದೊತ್ತಡದಂತೆ ಇದೂ ಅಳೆದು ನೋಡಿದಾಗ ಮಾತ್ರ ತಿಳಿಯುವ ದೋಷ.

ತಪಾಸಣೆಗೂ ವೇಗದ ಮಿತಿಗೂ ಇರುವ ಸಂಬಂಧ ಇಲ್ಲಿಯೇ ಸ್ಪಷ್ಟವಾಗುತ್ತದೆ. ಮಿತಿಯನ್ನು ಗೊತ್ತುಪಡಿಸುವಾಗ ವಾಹನದ ಬ್ರೇಕು ಸರಿಯಿದೆಯೆಂದೇ ಭಾವಿಸಲಾಗಿರುತ್ತದೆ. ಬ್ರೇಕು ಸವೆದ ಲಾರಿಗೆ 60 ಕಿ.ಮೀ. ಎಂಬುದೂ ಅತಿವೇಗವೇ. ಅಂತೆಯೇ ಪ್ರಮಾಣಪತ್ರವಿರುವ ವಾಹನವು ಮಿತಿಮೀರಿ ಓಡಿದರೆ ಆ ಪತ್ರಕ್ಕೆ ಅರ್ಥವಿಲ್ಲ. ಒಂದನ್ನು ಒಪ್ಪಿ ಇನ್ನೊಂದನ್ನು ಬಿಡುವುದು ಔಷಧವನ್ನು ಸೇವಿಸಿ ಪಥ್ಯವನ್ನು ಬಿಟ್ಟಂತೆ.

ಪ್ರಮಾಣಪತ್ರಕ್ಕೆ ಇನ್ನೊಂದು ಎಲ್ಲೆಯೂ ಇದೆ. 2025ರ ಜನವರಿ 22ರಂದು ಸವಣೂರಿನಿಂದ ಕುಮಟೆಯ ಸಂತೆಗೆ ತರಕಾರಿ, ಹಣ್ಣುಗಳೊಡನೆ ವ್ಯಾಪಾರಿಗಳನ್ನೂ ಹೊತ್ತು ಬರುತ್ತಿದ್ದ ಲಾರಿಯು ಯಲ್ಲಾಪುರ ತಾಲೂಕಿನಲ್ಲಿ ಕಂದಕಕ್ಕೆ ಉರುಳಿ ಹತ್ತು ಜನರು ಅಸುನೀಗಿದರು. ಸರಕಿನ ಲಾರಿಗೆ ದೊರೆಯುವ ಪತ್ರವು ಸರಕನ್ನು ಹೊರಲು ಮಾತ್ರ. ಅದರ ಹಿಂಬದಿಯಲ್ಲಿ ಆಸನವಿಲ್ಲ, ಬೆಲ್ಟಿಲ್ಲ. ವಾಹನ ಉರುಳಿದಾಗ ಮೂಟೆಗಳ ಕೆಳಗೆ ಮನುಷ್ಯರು ಸಿಲುಕುತ್ತಾರೆ. ಜಾತ್ರೆ, ರಥೋತ್ಸವ, ಮದುವೆಗಳಿಗೆ ಟ್ರ್ಯಾಕ್ಟರು, ಗೂಡ್ಸ್ ಟೆಂಪೊಗಳಲ್ಲಿ ಹೊರಡುವ ರೂಢಿ ನಮ್ಮ ಭಕ್ತಸಮೂಹದಲ್ಲಿಯೂ ಇದೆ. ಉಳಿತಾಯವಾಗುವ ಬಾಡಿಗೆಗಿಂತ ಅದರಲ್ಲಿ ಕುಳಿತ ಜೀವಗಳು ದೊಡ್ಡವು.

ಆಸ್ಪತ್ರೆ ದೂರವಿರುವಾಗ

ಗಾಯಗೊಂಡ ಅನಂತರದ ಮೊದಲ ಒಂದು ಗಂಟೆಯನ್ನು ವೈದ್ಯರು ‘ಗೋಲ್ಡನ್ ಅವರ್’ ಎನ್ನುತ್ತಾರೆ. 2019ರ ತಿದ್ದುಪಡಿಯ ಮೂಲಕ ಕಾಯಿದೆಯಲ್ಲಿಯೂ ಅದು ಸ್ಥಾನ ಪಡೆದಿದೆ. ಕಾರವಾರದಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಇದೆಯಾದರೂ ಮೆದುಳಿನ ತೀವ್ರ ಗಾಯಗಳಿಗೆ ಈ ಭಾಗದವರು ಹುಬ್ಬಳ್ಳಿ, ಮಣಿಪಾಲ, ಮಂಗಳೂರು ಅಥವಾ ಗೋವೆಯ ಕಡೆಗೆ ನೋಡುವುದು ರೂಢಿ. ಹುಬ್ಬಳ್ಳಿ, ಮಣಿಪಾಲಗಳೆರಡೂ ನೂರು ಕಿ.ಮೀ.ಗಿಂತ ದೂರ. ಆ ಒಂದು ಗಂಟೆ ದಾರಿಯಲ್ಲಿಯೇ ಮುಗಿದುಹೋಗುತ್ತದೆ.

ದಾರಿಯೂ ನಿರಪಾಯವಲ್ಲ. 2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರದ ಕಡೆಗೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್, ಬೈಂದೂರು ಸಮೀಪದ ಶಿರೂರು ಟೋಲ್‌ಗೇಟಿನಲ್ಲಿ ಮಳೆಯಿಂದ ಒದ್ದೆಯಾದ ಇದೇ 66ನೆಯ ಹೆದ್ದಾರಿಯ ಮೇಲೆ ಜಾರಿ ಅಪ್ಪಳಿಸಿತು. ರೋಗಿಯೂ ಸೇರಿದಂತೆ ನಾಲ್ವರು ಮೃತರಾದರು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಉತ್ತರ ಕನ್ನಡದ ಜನರ ಬೇಡಿಕೆ ಆಗ ಮತ್ತಷ್ಟು ಬಲವಾಯಿತು. ಆ ಬೇಡಿಕೆ ನ್ಯಾಯವಾದುದು. ಅದು ಈಡೇರುವವರೆಗೆ ಮಾತ್ರವಲ್ಲ, ಈಡೇರಿದ ಮೇಲೆಯೂ, ಗಾಯವಾಗದಂತೆ ತಡೆಯುವುದೇ ಮೊದಲ ಚಿಕಿತ್ಸೆ.

ನಾವು ಮಾಡಬಹುದಾದುದು

ಸರಕಾರದ ತಪಾಸಣೆ ವರ್ಷಕ್ಕೊಮ್ಮೆ. ನಮ್ಮದು ಪ್ರಯಾಣಕ್ಕೊಮ್ಮೆ ಇರಲಿ. ಮಳೆಗಾಲಕ್ಕೆ ಮುನ್ನ ಟಾಯರು, ಬ್ರೇಕು, ವೈಪರ್‌ಗಳನ್ನು ಮೇಸ್ತ್ರಿಗೆ ತೋರಿಸಬೇಕು. ಕಾರಿನ ಟಾಯರಿನ ಗೆರೆಗಳ ಆಳ 1.6 ಮಿ.ಮೀ.ಗಿಂತ ಕಡಿಮೆಯಾದರೆ ಅದನ್ನು ಬದಲಿಸಬೇಕು. ಮಳೆಯಲ್ಲಿ ಫಲಕದ ಮೇಲಿನ ಮಿತಿಗಿಂತಲೂ ಕೆಳಗಿಳಿಯಬೇಕು. ಹಿಂದಿನ ಆಸನದವರೂ ಬೆಲ್ಟ್ ಧರಿಸಬೇಕು. ಬೈಕಿನ ಹಿಂಬದಿಯವರೂ ಹೆಲ್ಮೆಟ್ ಧರಿಸಬೇಕು. ಬಾಡಿಗೆ ವಾಹನವನ್ನು ಗೊತ್ತು ಮಾಡುವಾಗ ದರವನ್ನು ಕೇಳುವಂತೆಯೇ ಎಫ್.ಸಿ. ಯಾವಾಗ ಆಯಿತೆಂದೂ, ಚಾಲಕನು ರಾತ್ರಿ ನಿದ್ರಿಸಿರುವನೇ ಎಂದೂ ಕೇಳಬೇಕು.

ಅಪಘಾತವನ್ನು ಕಂಡಾಗ 108 ಅಥವಾ 112ಕ್ಕೆ, ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033ಕ್ಕೂ ಕರೆ ಮಾಡಬಹುದು. ಗಾಯಾಳುವಿಗೆ ಸದ್ಭಾವನೆಯಿಂದ ನೆರವಾದವರ ಮೇಲೆ ಮೊಕದ್ದಮೆ ಹೂಡದಂತೆ ಕಾಯಿದೆಯ 134ಎ ಕಲಮು ರಕ್ಷಣೆ ನೀಡುತ್ತದೆ; ತಮ್ಮ ಹೆಸರನ್ನು ಹೇಳಲೇಬೇಕೆಂಬ ಬಲವಂತವೂ ಇಲ್ಲ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಂತೆ ಗಾಯಾಳುವಿಗೆ ಏಳು ದಿನಗಳವರೆಗೆ, 1.5 ಲಕ್ಷ ರೂಪಾಯಿಗಳ ಮಿತಿಯಲ್ಲಿ, ನಿಗದಿತ ಆಸ್ಪತ್ರೆಗಳಲ್ಲಿ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ. ಹಣವಿಲ್ಲವೆಂಬ ಅಂಜಿಕೆಯಿಂದ ಯಾರೂ ಕಾಲಹರಣ ಮಾಡಬಾರದು.

ಕಾರವಾರದಿಂದ ಅಂಕೋಲೆಗೆ ಇರುವ ಸುಮಾರು 35 ಕಿ.ಮೀ. ದಾರಿಯನ್ನು 100ರ ಬದಲು 70 ಕಿ.ಮೀ. ವೇಗದಲ್ಲಿ ಕ್ರಮಿಸಿದರೆ ತಗಲುವ ಹೆಚ್ಚಿನ ಸಮಯ ಒಂಬತ್ತು ನಿಮಿಷ. ನಡುವಣ ಊರುಗಳಲ್ಲಿ ರಸ್ತೆ ದಾಟಲು ನಿಂತಿರುವವರ ಕ್ಷೇಮಕ್ಕಾಗಿ ಅಷ್ಟು ಸಮಯವನ್ನು ಮೀಸಲಿಡುವುದು ಯಾರಿಗೂ ಹೊರೆಯಾಗದು.